ಕೋಡಿಂಗ್ ಅಸಿಸ್ಟೆಂಟಿಗೆ ಟಿಕೆಟ್ ಬೋರ್ಡ್ ಜೋಡಿಸುವುದು: ಕನೆಕ್ಷನ್ ಐದು ನಿಮಿಷ, ಹದ ಒಂದು ವಾರ

ಟಿಕೆಟ್ ತೆರೆ, ವಿವರ ಕಾಪಿ ಮಾಡು, ಎಡಿಟರಿನ ಚಾಟಿಗೆ ಪೇಸ್ಟ್ ಮಾಡು. ಕೆಲಸ ಅರ್ಧ ಆದಮೇಲೆ ಐದನೇ ಕಾಮೆಂಟಿನಲ್ಲಿ ಯಾರೋ ಹಾಕಿದ್ದ ಷರತ್ತು ನೆನಪಾಗಿ ಮತ್ತೆ ಬ್ರೌಸರಿಗೆ ಓಡು. ಕ್ಲಾಡ್ ಕೋಡ್, ಕರ್ಸರ್, ಗಿಟ್‌ಹಬ್ ಕೋಪೈಲಟ್ ಇಂಥ, ಕೋಡ್ ಬರೆಯಲು ನೆರವಾಗುವ ಎಐ ಅಸಿಸ್ಟೆಂಟುಗಳನ್ನು ದಿನವಿಡೀ ಬಳಸುವವರು ಈ ಓಡಾಟ ಸಾಕಾಗಿ ಅಸಿಸ್ಟೆಂಟನ್ನೇ ನೇರ ಜಿರಾಗೋ ಲೀನಿಯರಿಗೋ, ಅಂದರೆ ತಂಡದ ಕೆಲಸಗಳನ್ನು ಒಂದೊಂದು ಟಿಕೆಟಾಗಿ ಇಡುವ ಬೋರ್ಡಿಗೆ, ಜೋಡಿಸಿಬಿಡುತ್ತಾರೆ. ಜೋಡಿಸುವುದೇನೂ ಕಷ್ಟವಲ್ಲ. ಒಂದು ಕಮಾಂಡ್, ಒಂದು ಲಾಗಿನ್, ಅಷ್ಟೇ. ತಲೆನೋವು ಶುರುವಾಗುವುದು ಮರುದಿನ. ಯಾರದೋ ಟಿಕೆಟ್ ತಪ್ಪು ಕಾಲಮ್ಮಿಗೆ ಹೋಗಿರುತ್ತದೆ, ಒಂದೇ ಟಿಕೆಟಿನ ಮೇಲೆ ಏಳು ಕಾಮೆಂಟ್ ಬಿದ್ದಿರುತ್ತವೆ, ಅದನ್ನು ವಾಚ್ ಮಾಡುತ್ತಿರುವ ಎಲ್ಲರ ಇನ್‌ಬಾಕ್ಸ್ ತುಂಬಿರುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಜೋಡಿಸುವ ವಿಧಾನಕ್ಕಿಂತ, ಜೋಡಿಸಿದಮೇಲೆ ಅದರ ಕೈ ಎಲ್ಲಿಯವರೆಗೆ ಚಾಚಬಹುದು ಎಂಬುದಕ್ಕೇ ಹೆಚ್ಚು ಜಾಗ.

ಕಮಾಂಡು, ಫೈಲಿನ ಹೆಸರು, ವಿಳಾಸಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹಾಕಿ. ‘ಡಾಟ್’ ಎಂದಲ್ಲಿ ಚುಕ್ಕಿ, ‘ಸ್ಲ್ಯಾಶ್’ ಎಂದಲ್ಲಿ ಓರೆಗೆರೆ, ‘ಡ್ಯಾಶ್’ ಎಂದಲ್ಲಿ ಅಡ್ಡಗೆರೆ. ‘ಡ್ಯಾಶ್-ಡ್ಯಾಶ್-’ ಎಂದರೆ ಎರಡೇ ಅಡ್ಡಗೆರೆ, ಮುಂದಿನ ಪದಕ್ಕೆ ಅಂಟಿಕೊಂಡು. ದೊಡ್ಡಕ್ಷರ ಬೇಕಾದಲ್ಲಿ ಹೇಳಿದೆ.

ನಡುವೆ ಕೂತಿರುವ ಎಂಸಿಪಿ

ಮೊದಲೆಲ್ಲ ಪ್ರತಿ ಎಡಿಟರಿಗೂ ಪ್ರತಿ ಬೋರ್ಡಿಗೂ ಬೇರೆ ಬೇರೆ ಪ್ಲಗಿನ್ ಬೇಕಿತ್ತು. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಎಂಬ ಮುಕ್ತ ಮಾನದಂಡ ಹೊರತಂದಿತು. ಬಾಯಿಮಾತಿನಲ್ಲಿ ಎಂಸಿಪಿ. ಈಗ ಮುಖ್ಯ ಎಡಿಟರುಗಳೆಲ್ಲ ಇದನ್ನು ಮಾತಾಡುತ್ತವೆ. ಒಂದು ಕಡೆ ಕ್ಲೈಂಟ್, ಅಂದರೆ ನಿಮ್ಮ ಅಸಿಸ್ಟೆಂಟ್. ಇನ್ನೊಂದು ಕಡೆ ಎಂಸಿಪಿ ಸರ್ವರ್, ಅಂದರೆ ಬೋರ್ಡಿನ ಎಪಿಐ (ಬೇರೆ ಪ್ರೋಗ್ರಾಂಗಳು ಬೋರ್ಡಿನ ಜೊತೆ ಮಾತಾಡುವ ದಾರಿ) ಮುಂದೆ ಕೂತ ದುಭಾಷಿ. ಇಬ್ಬರ ನಡುವೆ ಓಡಾಡುವುದು ಜೇಸನ್-ಆರ್‌ಪಿಸಿ 2.0 ಎಂಬ ನಿಗದಿತ ರೂಪದ ಸಂದೇಶಗಳು.

ಒಂದು ಸಂಗತಿ ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದಿನ ಅರ್ಧ ಗೊಂದಲ ತಪ್ಪುತ್ತದೆ: ಅಸಿಸ್ಟೆಂಟಿಗೆ ನಿಮ್ಮ ಬೋರ್ಡ್ ಕಾಣುವುದಿಲ್ಲ. ಅದಕ್ಕೆ ಸಿಗುವುದು ಟೂಲುಗಳ ಪಟ್ಟಿ. ‘ಟಿಕೆಟ್ ಹುಡುಕು’, ‘ಟಿಕೆಟ್ ತಾ’, ‘ಕಾಮೆಂಟ್ ಹಾಕು’, ‘ಟಿಕೆಟ್ ತಿದ್ದು’ ಹೀಗೆ. ಪ್ರತಿ ಟೂಲಿಗೂ ಒಂದು ಹೆಸರು, ಒಂದು ವಿವರಣೆ, ಕೊಡಬೇಕಾದ ಮಾಹಿತಿಯ ನಮೂನೆ. ಈ ವಿವರಣೆಗಳನ್ನು ಓದಿ ಯಾವುದನ್ನು ಕರೆಯಬೇಕೆಂದು ಮಾಡೆಲ್ ತಾನೇ ಊಹಿಸುತ್ತದೆ. ಆದ್ದರಿಂದ ಟೂಲು ಹೆಚ್ಚಾದಷ್ಟೂ ಊಹೆ ತಪ್ಪುವುದು ಹೆಚ್ಚು, ಜೊತೆಗೆ ಆ ವಿವರಣೆಗಳೇ ಕಾಂಟೆಕ್ಸ್ಟಿನ (ಮಾಡೆಲ್ ಒಮ್ಮೆಗೆ ನೋಡಬಲ್ಲ ಪಠ್ಯದ) ಜಾಗ ತಿನ್ನುತ್ತವೆ.

ಸರ್ವರುಗಳಲ್ಲಿ ಎರಡು ಜಾತಿ. ರಿಮೋಟ್ ಸರ್ವರನ್ನು ಬೋರ್ಡ್ ಕಂಪನಿಯೇ ನಡೆಸುತ್ತದೆ, ನೀವು ವಿಳಾಸ ಕೊಟ್ಟು ಬ್ರೌಸರಿನಲ್ಲಿ ಲಾಗಿನ್ ಆದರೆ ಸಾಕು. ಲೀನಿಯರ್, ಅಟ್ಲಾಸಿಯನ್ (ಜಿರಾ ಇವರದು), ಗಿಟ್‌ಹಬ್ ಮೂವರಲ್ಲೂ ಇದಿದೆ. ಲೋಕಲ್ ಸರ್ವರ್ ನಿಮ್ಮ ಯಂತ್ರದಲ್ಲೇ ಓಡುವ ಸಣ್ಣ ಪ್ರೋಗ್ರಾಂ, ಅದಕ್ಕೆ ಟೋಕನ್, ಅಂದರೆ ಪಾಸ್‌ವರ್ಡಿನಂಥ ಕೀಲಿ, ನೀವೇ ಕೊಡಬೇಕು. ಎರಡೂ ಸಿಗುವಂತಿದ್ದರೆ ರಿಮೋಟನ್ನೇ ಹಿಡಿಯಿರಿ. ಟೋಕನ್ ಕಾಯುವ ಕೆಲಸ ಒಂದು ಕಡಿಮೆ.

ಕಮಾಂಡ್ ಒತ್ತುವ ಮೊದಲು

ಮೂರು ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಿ.

ಅಡ್ಮಿನ್ ಒಪ್ಪಿಗೆ ಇದೆಯೇ? ಹೊರಗಿನ ಆ್ಯಪುಗಳಿಗೆ ಬೀಗ ಹಾಕಿಟ್ಟ ಸಂಸ್ಥೆಗಳಲ್ಲಿ ಲಾಗಿನ್ ಪುಟದವರೆಗೆ ಎಲ್ಲ ಸರಿಹೋಗಿ ಕೊನೆಗೆ ‘ಅನುಮತಿ ಇಲ್ಲ’ ಎಂದು ಬರುತ್ತದೆ. ಅದಕ್ಕೆ ನಿಮ್ಮ ಕಾನ್ಫಿಗ್ ಫೈಲನ್ನು ಹತ್ತು ಸಲ ತಿದ್ದಿ ಪ್ರಯೋಜನವಿಲ್ಲ.

ಯಾರ ಹೆಸರಿನಲ್ಲಿ ಕೆಲಸ? ನಿಮ್ಮ ಖಾತೆಯಲ್ಲಿ ಲಾಗಿನ್ ಆದರೆ ಅಸಿಸ್ಟೆಂಟ್ ಮಾಡಿದ್ದೆಲ್ಲ ಟಿಕೆಟ್ ಹಿಸ್ಟರಿಯಲ್ಲಿ ನಿಮ್ಮ ಹೆಸರಿನಲ್ಲೇ ದಾಖಲಾಗುತ್ತದೆ. ಪ್ರತ್ಯೇಕ ಬಾಟ್ ಖಾತೆ ಮಾಡಿದರೆ ಯಾರು ಮಾಡಿದ್ದು ಎಂಬುದು ಸ್ಪಷ್ಟ, ಅನುಮತಿಯನ್ನೂ ಬಿಗಿಯಾಗಿ ಕೊಡಬಹುದು. ಆದರೆ ‘ನನ್ನ ಟಿಕೆಟ್ ತೋರಿಸು’ ಎಂದರೆ ಖಾಲಿ ಪಟ್ಟಿ ಬರುತ್ತದೆ, ಏಕೆಂದರೆ ಆಗ ‘ನಾನು’ ಎಂದರೆ ಬಾಟ್. ಒಬ್ಬರೇ ಬಳಸುವುದಾದರೆ ಸ್ವಂತ ಖಾತೆ, ಓದುವುದಕ್ಕೆ ಮಾತ್ರ. ಬೆಳಗಿನ ಜಾವ ತಾನೇ ಓಡುವ ಆಟೊಮೇಷನ್ ಆದರೆ ಖಂಡಿತ ಬಾಟ್.

ಆಡಲು ಅಂಗಳ ಎಲ್ಲಿ? ತಂಡದ ನಿಜವಾದ ಬೋರ್ಡಿನಲ್ಲಿ ಪ್ರಯೋಗ ಬೇಡ. ನೋಟಿಫಿಕೇಷನ್ ಆಫ್ ಮಾಡಿದ ಒಂದು ಪ್ರಾಜೆಕ್ಟ್ ತೆರೆದು ಆರು ಟಿಕೆಟ್ ಹಾಕಿ: ಸಾದಾ ಒಂದು, ಇಪ್ಪತ್ತು ಕಾಮೆಂಟ್ ಇರುವುದೊಂದು, ವಿವರವೆಲ್ಲ ಸ್ಕ್ರೀನ್‌ಶಾಟಿನಲ್ಲಿರುವುದೊಂದು, ಸಬ್‌ಟಾಸ್ಕ್ ಇರುವುದೊಂದು, ಕಡ್ಡಾಯ ಫೀಲ್ಡ್ ತುಂಬದೆ ಮುಚ್ಚಲಾಗದ್ದೊಂದು, ಆಗಲೇ ಮುಚ್ಚಿದ್ದೊಂದು. ಸ್ಕ್ರೀನ್‌ಶಾಟಿನದು ಮುಖ್ಯ. ಹಲವು ಸರ್ವರುಗಳು ಅಟ್ಯಾಚ್‌ಮೆಂಟಿನ ಹೆಸರನ್ನಷ್ಟೇ ಕೊಡುತ್ತವೆ, ಚಿತ್ರ ಕೊಡುವುದಿಲ್ಲ. ಚಿತ್ರ ನೋಡದೆಯೇ ಅಸಿಸ್ಟೆಂಟ್ ಧೈರ್ಯವಾಗಿ ಉತ್ತರ ಕೊಡುತ್ತದೆಯೇ ಎಂಬುದು ಇಲ್ಲೇ ಗೊತ್ತಾಗಿಬಿಡಲಿ.

ರಿಮೋಟ್ ಸರ್ವರ್ ಜೋಡಿಸುವ ಹೆಜ್ಜೆಗಳು

1. ಸರ್ವರಿನ ವಿಳಾಸವನ್ನು ಬೋರ್ಡ್ ಕಂಪನಿಯ ಡಾಕ್ಯುಮೆಂಟೇಶನ್ನಿನಿಂದಲೇ ತೆಗೆದುಕೊಳ್ಳಿ. ಲೀನಿಯರಿನದು ‘ಎಂಸಿಪಿ ಡಾಟ್ ಲೀನಿಯರ್ ಡಾಟ್ ಆ್ಯಪ್ ಸ್ಲ್ಯಾಶ್ ಎಂಸಿಪಿ’. ಹುಡುಕಿದಾಗ ಮೊದಲು ಸಿಕ್ಕ, ಅದೇ ಹೆಸರಿನ ಯಾರದೋ ಪ್ಯಾಕೇಜನ್ನು ಹಾಕಿಕೊಳ್ಳುವುದೆಂದರೆ ಬೋರ್ಡಿನ ಕೀಲಿಯನ್ನು ದಾರಿಹೋಕರಿಗೆ ಕೊಟ್ಟ ಹಾಗೆ.

2. ಕ್ಲಾಡ್ ಕೋಡ್ ಆದರೆ ರೆಪೊದ (ನಿಮ್ಮ ಕೋಡ್ ಇರುವ ಗಿಟ್ ಸಂಗ್ರಹದ) ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ‘ಕ್ಲಾಡ್ ಎಂಸಿಪಿ ಆ್ಯಡ್ ಡ್ಯಾಶ್-ಡ್ಯಾಶ್-ಟ್ರಾನ್ಸ್‌ಪೋರ್ಟ್ ಎಚ್‌ಟಿಟಿಪಿ ಲೀನಿಯರ್’ ಎಂದು ಹೊಡೆದು, ಒಂದು ಸ್ಪೇಸ್ ಬಿಟ್ಟು, ‘ಎಚ್‌ಟಿಟಿಪಿಎಸ್’ ಸಮೇತ ಪೂರ್ತಿ ವಿಳಾಸ ಹಾಕಿ. ಇದರಲ್ಲಿ ‘ಲೀನಿಯರ್’ ಎಂಬುದು ನೀವು ಇಡುವ ಹೆಸರು, ಬೇರೆಯೂ ಇರಬಹುದು. ಟ್ರಾನ್ಸ್‌ಪೋರ್ಟ್ ಆಯ್ಕೆ ಹೆಸರಿಗಿಂತ ಮೊದಲು ಬರಲಿ. ಹೀಗೆ ಸೇರಿಸಿದ್ದು ನಿಮಗೆ ಮಾತ್ರ, ಈ ಪ್ರಾಜೆಕ್ಟಿಗೆ ಮಾತ್ರ. ತಂಡಕ್ಕೆಲ್ಲ ಬೇಕಾದರೆ ‘ಡ್ಯಾಶ್-ಡ್ಯಾಶ್-ಸ್ಕೋಪ್ ಪ್ರಾಜೆಕ್ಟ್’ ಸೇರಿಸಿ. ಆಗ ರೆಪೊದ ಎಲ್ಲಕ್ಕಿಂತ ಮೇಲಿನ ಫೋಲ್ಡರಿನಲ್ಲಿ ‘ಡಾಟ್ ಎಂಸಿಪಿ ಡಾಟ್ ಜೇಸನ್’ ಎಂಬ ಫೈಲ್ ಹುಟ್ಟುತ್ತದೆ, ಅದನ್ನು ಕಮಿಟ್ ಮಾಡಬಹುದು. ಬೇರೆಯವರು ರೆಪೊ ತೆರೆದಾಗ ಈ ಸರ್ವರನ್ನು ನಂಬಬಹುದೇ ಎಂದು ಕ್ಲಾಡ್ ಕೋಡ್ ಅವರನ್ನು ಕೇಳುತ್ತದೆ.

3. ಕರ್ಸರ್ ಆದರೆ ರೆಪೊದೊಳಗೆ ‘ಡಾಟ್ ಕರ್ಸರ್’ ಫೋಲ್ಡರ್, ಅದರಲ್ಲಿ ‘ಎಂಸಿಪಿ ಡಾಟ್ ಜೇಸನ್’. ವಿಎಸ್ ಕೋಡ್ ಆದರೆ ಅದೇ ಹೆಸರಿನ ಫೈಲ್ ‘ಡಾಟ್ ವಿಎಸ್‌ಕೋಡ್’ ಫೋಲ್ಡರಿನಲ್ಲಿ. ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಕರ್ಸರಿನ ಫೈಲಿನಲ್ಲಿ ಹೊರಗಿನ ಕೀ ‘ಎಂಸಿಪಿಸರ್ವರ್ಸ್’, ಒಂದೇ ಪದ, ನಡುವಿನ ‘ಎಸ್’ ದೊಡ್ಡಕ್ಷರ. ವಿಎಸ್ ಕೋಡಿನಲ್ಲಿ ಬರೀ ‘ಸರ್ವರ್ಸ್’. ಒಂದರ ಫೈಲನ್ನು ಇನ್ನೊಂದಕ್ಕೆ ಹಾಗೇ ಇಳಿಸಿದರೆ ಸರ್ವರೇ ಬರುವುದಿಲ್ಲ. ಕಾರಣ ಹುಡುಕುತ್ತ ವಿಳಾಸ, ಲಾಗಿನ್, ನೆಟ್‌ವರ್ಕ್ ಎಲ್ಲ ತಡಕಾಡಿ ಕೊನೆಗೆ ಆ ಒಂದು ಪದಕ್ಕೆ ಬಂದು ನಿಲ್ಲುತ್ತಾರೆ.

4. ಲಾಗಿನ್. ಕ್ಲಾಡ್ ಕೋಡಿನಲ್ಲಿ ಸೆಷನ್ ಶುರು ಮಾಡಿ ‘ಸ್ಲ್ಯಾಶ್ ಎಂಸಿಪಿ’ ಒತ್ತಿ, ಸರ್ವರ್ ಆರಿಸಿ, ಆಥೆಂಟಿಕೇಟ್ ಕೊಡಿ. ಬ್ರೌಸರ್ ತೆರೆಯುತ್ತದೆ. ಯಾವ ವರ್ಕ್‌ಸ್ಪೇಸಿಗೆ ಒಪ್ಪಿಗೆ ಕೊಡುತ್ತಿದ್ದೀರಿ ಎಂದು ಎರಡು ಸಲ ನೋಡಿ. ಹಲವು ಸೈಟುಗಳಲ್ಲಿ ಖಾತೆ ಇರುವವರು ತಪ್ಪು ಸೈಟಿಗೆ ಒಪ್ಪಿಗೆ ಕೊಟ್ಟು, ಆಮೇಲೆ ‘ಟಿಕೆಟ್ ಸಿಗುತ್ತಿಲ್ಲ’ ಎನ್ನುವುದು ಮಾಮೂಲು.

5. ಪರೀಕ್ಷೆ. ಮೊದಲ ಪ್ರಶ್ನೆ: ‘ನನಗೆ ಅಸೈನ್ ಆಗಿ ಇನ್ನೂ ಮುಗಿಯದ ಟಿಕೆಟುಗಳನ್ನು ನಂಬರ್, ಶೀರ್ಷಿಕೆ, ಸ್ಟೇಟಸ್ ಸಮೇತ ಕೊಡು. ಏನನ್ನೂ ಬದಲಾಯಿಸಬೇಡ.’ ಬಂದ ಪಟ್ಟಿಯನ್ನು ಬೋರ್ಡಿನ ಪಕ್ಕದಲ್ಲಿಟ್ಟು ಒಂದೊಂದೇ ತಾಳೆ ನೋಡಿ. ಎರಡನೆಯದು, ಇಲ್ಲದ ನಂಬರೊಂದನ್ನು ಕೊಟ್ಟು ‘ಇದರ ಸಾರಾಂಶ ಹೇಳು’ ಎನ್ನಿ. ‘ಸಿಗಲಿಲ್ಲ’ ಎಂದರೆ ಸರಿ. ಕಥೆ ಕಟ್ಟಿದರೆ ಹೆಚ್ಚಾಗಿ ಅದು ಟೂಲನ್ನು ಕರೆದೇ ಇಲ್ಲ ಎಂದರ್ಥ. ಕನೆಕ್ಷನ್ ಆಗಿದೆಯೆಂದು ನೀವಂದುಕೊಂಡಿದ್ದೀರಿ, ಆಗದೇ ಇರಬಹುದು.

ಲೋಕಲ್ ಸರ್ವರೇ ಬೇಕಾದಾಗ

ಸಂಸ್ಥೆಯ ಸ್ವಂತ ಯಂತ್ರದಲ್ಲಿ ಓಡುವ ಜಿರಾ ಡೇಟಾ ಸೆಂಟರ್ ಇದ್ದರೆ ಅಟ್ಲಾಸಿಯನ್ನಿನ ರಿಮೋಟ್ ಸರ್ವರ್ ಉಪಯೋಗಕ್ಕೆ ಬರುವುದಿಲ್ಲ, ಅದು ಕ್ಲೌಡಿಗೆ. ಆಗ ಲೋಕಲ್ ಸರ್ವರ್, ಟೋಕನ್ ದಾರಿ.

ಟೋಕನ್ನಿನಲ್ಲೂ ಎರಡು ಬಗೆ, ಬೆರೆಸಿದರೆ 401, ಅಂದರೆ ‘ನೀವು ಯಾರೆಂದು ಗೊತ್ತಾಗಲಿಲ್ಲ’ ಎಂಬ ಎರರ್. ಜಿರಾ ಕ್ಲೌಡಿಗೆ ಇಮೇಲ್ ಮತ್ತು ಎಪಿಐ ಟೋಕನ್ ಜೋಡಿ, ಬೇಸಿಕ್ ಆಥ್. ಡೇಟಾ ಸೆಂಟರಿಗೆ ಪರ್ಸನಲ್ ಆ್ಯಕ್ಸೆಸ್ ಟೋಕನ್ ಒಂದೇ, ಬೇರರ್ ರೂಪದಲ್ಲಿ. ಕ್ಲೌಡಿನ ಟೋಕನ್ನಿಗೆ ಹೆಚ್ಚೆಂದರೆ ಒಂದು ವರ್ಷ ಆಯುಸ್ಸು. ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿಗೆ ಹಾಕಿಡದಿದ್ದರೆ ಮುಂದಿನ ವರ್ಷ ಒಂದು ಬೆಳಿಗ್ಗೆ ಎಲ್ಲ ನಿಂತು, ಕಾನ್ಫಿಗ್ ಮುಟ್ಟಿದವರು ಯಾರು ಎಂಬ ತನಿಖೆ ನಡೆಯುತ್ತದೆ.

ಟೋಕನ್ನನ್ನು ಜೇಸನ್ ಫೈಲಿನೊಳಗೆ ಬರೆಯಬೇಡಿ. ಎನ್ವಿರಾನ್‌ಮೆಂಟ್ ವೇರಿಯಬಲ್ಲಿನಲ್ಲಿಟ್ಟು, ಫೈಲಿನಲ್ಲಿ ಡಾಲರ್ ಚಿಹ್ನೆ ಮತ್ತು ಹೂ ಆವರಣದೊಳಗೆ ಅದರ ಹೆಸರು ಕೊಟ್ಟರೆ ಕ್ಲಾಡ್ ಕೋಡ್ ಓಡುವಾಗ ತುಂಬಿಕೊಳ್ಳುತ್ತದೆ. ವಿಎಸ್ ಕೋಡಿನಲ್ಲಿ ‘ಇನ್‌ಪುಟ್ಸ್’ ಭಾಗವಿದೆ. ಅದು ಮೊದಲ ಸಲ ಕೇಳಿ, ಗುಟ್ಟಾಗಿ ಇಟ್ಟುಕೊಳ್ಳುತ್ತದೆ. ಅಕಸ್ಮಾತ್ ಟೋಕನ್ ಇರುವ ಫೈಲ್ ಪುಶ್ ಆಗಿಹೋದರೆ ಮುಂದಿನ ಕಮಿಟ್ಟಿನಲ್ಲಿ ಅಳಿಸಿದರೆ ಸಾಲದು, ಗಿಟ್ ಹಿಸ್ಟರಿಯಲ್ಲಿ ಅದು ಹಾಗೇ ಇರುತ್ತದೆ. ಮೊದಲು ಬೋರ್ಡಿಗೆ ಹೋಗಿ ಟೋಕನ್ ರದ್ದು ಮಾಡಿ. ಹಿಸ್ಟರಿ ತೊಳೆಯುವುದು ಆಮೇಲೆ.

ಲೋಕಲ್ ಸರ್ವರ್ ಎದ್ದೇಳದೆ ಇರುವುದಕ್ಕೆ ಸಾಮಾನ್ಯ ಕಾರಣ ನಾಲ್ಕು. ಜೇಸನ್ನಿನ ಕೊನೆಯ ಸಾಲಿನ ನಂತರ ಹೆಚ್ಚುವರಿ ಅಲ್ಪವಿರಾಮ. ಟರ್ಮಿನಲ್ಲಿನಲ್ಲಿ ನೋಡ್ (ಹಲವು ಲೋಕಲ್ ಸರ್ವರುಗಳನ್ನು ಓಡಿಸುವ ಪ್ರೋಗ್ರಾಂ) ಸಿಗುತ್ತದೆ, ಆದರೆ ಐಕಾನ್ ಒತ್ತಿ ತೆರೆದ ಎಡಿಟರಿಗೆ ಆ ಪಾತ್ ಗೊತ್ತಿಲ್ಲ. ನೋಡ್ ವರ್ಷನ್ ಮ್ಯಾನೇಜರ್ ಬಳಸುವವರಿಗೆ ಇದು ಹೆಚ್ಚು, ಪೂರ್ತಿ ಪಾತ್ ಕೊಟ್ಟರೆ ಸರಿಹೋಗುತ್ತದೆ. ವಿಂಡೋಸಿನಲ್ಲಿ ‘ಎನ್‌ಪಿಎಕ್ಸ್’ ನೇರ ಓಡದಿದ್ದರೆ ಅದರ ಮುಂದೆ ‘ಸಿಎಂಡಿ ಸ್ಲ್ಯಾಶ್ ಸಿ’ ಸೇರಿಸಬೇಕು. ನಾಲ್ಕನೆಯದು ಸರ್ವರನ್ನು ತಾವೇ ಬರೆದವರಿಗೆ: ಲೋಕಲ್ ಸರ್ವರ್ ಮಾತಾಡುವುದು ಸ್ಟ್ಯಾಂಡರ್ಡ್ ಔಟ್‌ಪುಟ್ ಮೂಲಕ. ಅಲ್ಲಿಗೆ ಒಂದು ‘ಸರ್ವರ್ ಶುರುವಾಯಿತು’ ಎಂಬ ಲಾಗ್ ಸಾಲು ಪ್ರಿಂಟ್ ಆದರೂ ಜೇಸನ್ ಸಂದೇಶಗಳ ನಡುವೆ ಕಲ್ಲು ಬಿದ್ದ ಹಾಗೆ. ಲಾಗೆಲ್ಲ ಸ್ಟ್ಯಾಂಡರ್ಡ್ ಎರರ್‌ಗೆ ಹೋಗಲಿ. ತಪ್ಪು ಸರ್ವರಿನದೋ ಎಡಿಟರಿನದೋ ತಿಳಿಯದಿದ್ದರೆ ಎಂಸಿಪಿ ಇನ್‌ಸ್ಪೆಕ್ಟರ್ ಎಂಬ ಅಧಿಕೃತ ಸಾಧನದಲ್ಲಿ ಸರ್ವರನ್ನು ಒಂಟಿಯಾಗಿ ಓಡಿಸಿ, ಟೂಲುಗಳನ್ನು ಕೈಯಿಂದ ಕರೆದು ನೋಡಿ.

ರಿಮೋಟ್ ಬೆಂಬಲವಿಲ್ಲದ ಹಳೆಯ ಕ್ಲೈಂಟಿಗೆ ‘ಎಂಸಿಪಿ-ರಿಮೋಟ್’ ಎಂಬ ಸೇತುವೆ ಪ್ಯಾಕೇಜ್ ಬಳಸುವವರು ವರ್ಷನ್ ನೋಡಿಕೊಳ್ಳಿ. 2025ರಲ್ಲಿ ಅದರಲ್ಲಿ ಗಂಭೀರ ಭದ್ರತಾ ದೋಷ ಸಿಕ್ಕಿತ್ತು, 0.1.16ರಲ್ಲಿ ಸರಿಪಡಿಸಲಾಯಿತು. ಅದಕ್ಕಿಂತ ಹಳೆಯದು ಬೇಡವೇ ಬೇಡ.

ಕೈ ಎಲ್ಲಿಯವರೆಗೆ ಚಾಚಬೇಕು

ಮೊದಲ ಒಂದು ವಾರ ಓದುವುದು ಮಾತ್ರ. ಬರೆಯುವ ಟೂಲುಗಳನ್ನು ಆಫ್ ಮಾಡಿಬಿಡಿ. ಕರ್ಸರ್ ಮತ್ತು ವಿಎಸ್ ಕೋಡಿನಲ್ಲಿ ಟೂಲುಗಳನ್ನು ಒಂದೊಂದಾಗಿ ಆಫ್ ಮಾಡಬಹುದು. ಕ್ಲಾಡ್ ಕೋಡಿನಲ್ಲಿ ಸೆಟ್ಟಿಂಗ್ಸ್ ಫೈಲಿನ ‘ಪರ್ಮಿಷನ್ಸ್’ ಕೆಳಗೆ ಅಲೋ, ಆಸ್ಕ್, ಡಿನೈ ಎಂಬ ಮೂರು ಪಟ್ಟಿ. ಟೂಲಿನ ಹೆಸರು ಬರೆಯುವ ಕ್ರಮ ಹೀಗೆ: ‘ಎಂಸಿಪಿ’, ಎರಡು ಅಂಡರ್‌ಸ್ಕೋರ್, ನೀವಿಟ್ಟ ಸರ್ವರ್ ಹೆಸರು, ಮತ್ತೆ ಎರಡು ಅಂಡರ್‌ಸ್ಕೋರ್, ಟೂಲಿನ ಹೆಸರು. ಅಂಡರ್‌ಸ್ಕೋರ್ ಒಂದೇ ಹಾಕಿದರೆ ನಿಯಮ ತಾಗುವುದಿಲ್ಲ. ಓದುವ ಟೂಲುಗಳು ಅಲೋದಲ್ಲಿ, ಹೊಸ ಟಿಕೆಟ್ ಮತ್ತು ಕಾಮೆಂಟ್ ಆಸ್ಕ್‌ನಲ್ಲಿ, ಅಳಿಸುವುದು ಡಿನೈಯಲ್ಲಿ.

‘ಅನುಮತಿ ಇಲ್ಲದೆ ಬದಲಾಯಿಸಬೇಡ’ ಎಂದು ಪ್ರಾಂಪ್ಟಿನಲ್ಲಿ ಬರೆಯುವುದು ವಿನಂತಿಯಷ್ಟೇ, ಬೀಗವಲ್ಲ. ಬೀಗ ಇರುವುದು ಮೇಲಿನ ಪಟ್ಟಿಯಲ್ಲಿ. ಅದಕ್ಕಿಂತ ಗಟ್ಟಿ ಬೀಗ ಬೋರ್ಡಿನ ಖಾತೆಯ ಅನುಮತಿಯಲ್ಲಿ.

ಟೂಲು ಕಡಿಮೆ ಮಾಡಲು ಇನ್ನೊಂದು ಕಾರಣವಿದೆ. ವಿಎಸ್ ಕೋಡಿನಲ್ಲಿ ಒಂದು ವಿನಂತಿಗೆ 128 ಟೂಲುಗಳ ಮಿತಿ. ಬೋರ್ಡು, ಗಿಟ್‌ಹಬ್ಬು, ಡೇಟಾಬೇಸು, ಬ್ರೌಸರು ಎಂದು ನಾಲ್ಕಾರು ಸರ್ವರ್ ಪೇರಿಸಿದರೆ ಅಲ್ಲಿಗೆ ಮುಟ್ಟುವುದು ಸುಲಭ. ಉತ್ತರದ ಗಾತ್ರಕ್ಕೂ ಕಡಿವಾಣ ಉಂಟು: ಕ್ಲಾಡ್ ಕೋಡ್ ಒಂದು ಟೂಲಿನ ಉತ್ತರ 10,000 ಟೋಕನ್ (ಇಲ್ಲಿ ಟೋಕನ್ ಎಂದರೆ ಕೀಲಿಯಲ್ಲ, ಮಾಡೆಲ್ ಓದುವ ಪಠ್ಯದ ತುಣುಕು) ದಾಟಿದರೆ ಎಚ್ಚರಿಸುತ್ತದೆ, ನೀವು ಬದಲಾಯಿಸದಿದ್ದರೆ ಮಿತಿ 25,000. ‘ಬ್ಯಾಕ್‌ಲಾಗ್ (ಬಾಕಿ ಕೆಲಸಗಳ ಪಟ್ಟಿ) ಪೂರ್ತಿ ಓದು’ ಎಂದು ಹೇಳುವ ಮೊದಲು ಇದು ನೆನಪಿರಲಿ.

ಬೋರ್ಡಿನ ಭಾಷೆ ಕಲಿಸುವುದು

ಇಲ್ಲಿ ಕೊಟ್ಟ ಸಮಯ ವ್ಯರ್ಥವಾಗುವುದಿಲ್ಲ. ಜಿರಾದಲ್ಲಿ ಸ್ಟೇಟಸ್ ಎಂಬುದು ಬರೆದು ಬದಲಾಯಿಸುವ ಫೀಲ್ಡ್ ಅಲ್ಲ. ಒಂದು ಸ್ಟೇಟಸ್ಸಿನಿಂದ ಇನ್ನೊಂದಕ್ಕೆ ಹೋಗಲು ‘ಟ್ರಾನ್ಸಿಷನ್’ ಎಂಬ ಬಾಗಿಲು ಬೇಕು, ಅದಕ್ಕೆ ತನ್ನದೇ ಐಡಿ. ಈಗ ಟಿಕೆಟ್ ಇರುವ ಕೋಣೆಗೆ ಯಾವ ಬಾಗಿಲುಗಳಿವೆಯೋ ಅವೇ ಗತಿ. ‘ಟು ಡು’ದಿಂದ ನೇರ ‘ಡನ್’ಗೆ ಬಾಗಿಲಿಲ್ಲದಿದ್ದರೆ ಅಸಿಸ್ಟೆಂಟ್ ಎಷ್ಟು ಸಲ ತಳ್ಳಿದರೂ ತೆರೆಯುವುದಿಲ್ಲ. ಬಾಗಿಲಲ್ಲಿ ‘ರೆಸಲ್ಯೂಷನ್’ ಕೇಳುವ ಪರದೆ ಇದ್ದು ಅದನ್ನು ತುಂಬದಿದ್ದರೆ 400 ಎರರ್. ಜಿರಾ ಕ್ಲೌಡಿನಲ್ಲಿ ಜನರನ್ನು ಗುರುತಿಸುವುದೂ ಹೆಸರಿನಿಂದಲ್ಲ, ಅಕೌಂಟ್ ಐಡಿಯಿಂದ. ಸ್ಟೋರಿ ಪಾಯಿಂಟಿನಂಥ ಫೀಲ್ಡುಗಳ ಒಳಹೆಸರು ‘ಕಸ್ಟಮ್‌ಫೀಲ್ಡ್’ ಮುಂದೊಂದು ಸಂಖ್ಯೆ, ಅದು ಸೈಟಿನಿಂದ ಸೈಟಿಗೆ ಬೇರೆ. ಲೀನಿಯರಿನಲ್ಲಿ ಸ್ಟೇಟಸ್ಸುಗಳು ಟೀಮಿಗೊಂದು ಸೆಟ್. ಎರಡು ಟೀಮಿನಲ್ಲಿ ‘ಇನ್ ರಿವ್ಯೂ’ ಎಂದೇ ಇದ್ದರೂ ಒಳಗೆ ಬೇರೆ ಬೇರೆ.

ಇದನ್ನೆಲ್ಲ ಅಸಿಸ್ಟೆಂಟ್ ಪ್ರತಿ ಸಲ ತಡವಿ ಕಂಡುಕೊಳ್ಳಲು ಬಿಟ್ಟರೆ ಸಮಯವೂ ಟೋಕನ್ನೂ ಪೋಲು. ಬದಲಿಗೆ ರೆಪೊದಲ್ಲಿರುವ ನಿಯಮದ ಫೈಲಿನಲ್ಲಿ ಒಮ್ಮೆ ಬರೆದಿಡಿ. ಕ್ಲಾಡ್ ಕೋಡಿಗೆ ಅದು ‘ಕ್ಲಾಡ್ ಡಾಟ್ ಎಂಡಿ’ (ಕ್ಲಾಡ್ ಎಂಬುದು ಪೂರ್ತಿ ದೊಡ್ಡಕ್ಷರ), ಕರ್ಸರಿಗೆ ‘ಡಾಟ್ ಕರ್ಸರ್’ ಒಳಗಿನ ‘ರೂಲ್ಸ್’ ಫೋಲ್ಡರ್. ಕನ್ನಡದಲ್ಲೇ ಬರೆದರೂ ನಡೆಯುತ್ತದೆ, ಸ್ಟೇಟಸ್ ಮತ್ತು ಫೀಲ್ಡಿನ ಹೆಸರು ಮಾತ್ರ ಬೋರ್ಡಿನಲ್ಲಿ ಇರುವ ಹಾಗೇ ಇರಲಿ. ಒಂದು ನಮೂನೆ:

‘ನಮ್ಮ ಪ್ರಾಜೆಕ್ಟ್ ಕೀ (ಟಿಕೆಟ್ ನಂಬರಿನ ಮುಂದೆ ಬರುವ ಅಕ್ಷರಗಳು) ಪೇ. ಬೇರೆ ಪ್ರಾಜೆಕ್ಟಿನ ಟಿಕೆಟ್ ಓದಬಹುದು, ಮುಟ್ಟಬಾರದು.
ಕೋಡ್ ಶುರು ಮಾಡುವ ಮೊದಲು ಟಿಕೆಟಿನ ವಿವರ ಮತ್ತು ಎಲ್ಲ ಕಾಮೆಂಟ್ ಓದು. ಎರಡರ ನಡುವೆ ವಿರೋಧ ಕಂಡರೆ ಹೊಸ ಕಾಮೆಂಟ್ ಸರಿಯೆಂದು ಭಾವಿಸಬೇಡ, ನನ್ನನ್ನು ಕೇಳು.
ಸ್ವೀಕಾರ ಷರತ್ತು ಬರೆದಿಲ್ಲದ ಟಿಕೆಟಿಗೆ ಕೋಡ್ ಬರೆಯಬೇಡ. ಷರತ್ತಿನ ಕರಡು ಬರೆದು ತೋರಿಸು.
ಅಟ್ಯಾಚ್‌ಮೆಂಟ್ ತೆರೆಯಲಾಗದಿದ್ದರೆ ಹಾಗೆಂದು ಹೇಳು.
ಬ್ರಾಂಚಿನ ಹೆಸರು ಟಿಕೆಟ್ ನಂಬರಿನಿಂದ ಶುರುವಾಗಲಿ.
ಒಂದು ಟಿಕೆಟಿಗೆ ಒಂದೇ ಕಾಮೆಂಟ್, ಪುಲ್ ರಿಕ್ವೆಸ್ಟ್ ತೆರೆದಮೇಲೆ, ಐದು ಸಾಲು ಮೀರದೆ.
ಸ್ಟೇಟಸ್ ಬದಲಾಯಿಸಬೇಡ.’

ಕೊನೆಯ ಸಾಲಿಗೆ ಕಾರಣವಿದೆ. ಪುಲ್ ರಿಕ್ವೆಸ್ಟ್ (ಬರೆದ ಕೋಡನ್ನು ಮುಖ್ಯ ಕೋಡಿಗೆ ಸೇರಿಸಲು ಕೇಳುವ ವಿನಂತಿ) ತೆರೆದಾಗ, ಮರ್ಜ್ ಆದಾಗ ಟಿಕೆಟನ್ನು ತಾನಾಗಿ ಸರಿಸುವ ಆಟೊಮೇಷನ್ ಜಿರಾದಲ್ಲೂ ಲೀನಿಯರಿನಲ್ಲೂ ಮೊದಲಿಂದಲೇ ಇದೆ. ಅದನ್ನು ಆನ್ ಮಾಡಿಟ್ಟಿದ್ದರೆ, ಬ್ರಾಂಚಿನ ಹೆಸರಿನಲ್ಲೋ ಪುಲ್ ರಿಕ್ವೆಸ್ಟಿನ ಶೀರ್ಷಿಕೆಯಲ್ಲೋ ನಂಬರ್ ಇದ್ದರೆ ಸಾಕು, ಅದು ಹಿಡಿದುಕೊಳ್ಳುತ್ತದೆ. ಒಂದೇ ಗಾಡಿಗೆ ಇಬ್ಬರು ಚಾಲಕರಾದರೆ ಟಿಕೆಟ್ ಮುಂದಕ್ಕೂ ಹಿಂದಕ್ಕೂ ಜಗ್ಗಾಡುತ್ತದೆ. ನಿಯಮ ತಪ್ಪದ ಯಂತ್ರ ಇರುವಾಗ ಊಹಿಸುವ ಯಂತ್ರಕ್ಕೆ ಆ ಕೆಲಸ ಕೊಡುವುದರಲ್ಲಿ ಅರ್ಥವಿಲ್ಲ. ಜಿರಾದ ಸ್ಮಾರ್ಟ್ ಕಮಿಟ್ ಆನ್ ಇದ್ದರೆ ಇನ್ನೂ ಎಚ್ಚರ ಬೇಕು: ಕಮಿಟ್ ಸಂದೇಶದಲ್ಲಿ ಟಿಕೆಟ್ ನಂಬರಿನ ನಂತರ ಹ್ಯಾಶ್ ಹಾಕಿ ಬಾಗಿಲಿನ ಹೆಸರು ಬಂದರೆ ಟಿಕೆಟ್ ಸರಿದೇ ಬಿಡುತ್ತದೆ. ಅಸಿಸ್ಟೆಂಟ್ ಬರೆದ ಕಮಿಟ್ ಸಂದೇಶವನ್ನು ಓದದೆ ಒಪ್ಪಬೇಡಿ.

ಒಂದು ಟಿಕೆಟ್, ಹತ್ತಿರದಿಂದ

‘ಪೇ-214: ಪಾಸ್‌ವರ್ಡ್ ರೀಸೆಟ್ ಲಿಂಕ್ ಎರಡನೇ ಸಲ ಒತ್ತಿದರೆ 500 ಎರರ್’ ಎಂದಿಟ್ಟುಕೊಳ್ಳಿ. ವಿವರ ಎರಡೇ ಸಾಲು. ಮೂರನೇ ಕಾಮೆಂಟಿನಲ್ಲಿ ಮಾತ್ರ ‘ಬಳಸಿದ ಲಿಂಕಿಗೂ ಅವಧಿ ಮುಗಿದ ಲಿಂಕಿಗೂ ಒಂದೇ ಸಂದೇಶ ತೋರಿಸಿ, ಯಾವುದೆಂದು ಹೊರಗೆ ಗೊತ್ತಾಗಬಾರದು’ ಎಂದಿದೆ.

‘ಪೇ-214 ಸರಿಮಾಡು’ ಎಂದಷ್ಟೇ ಹೇಳಿದರೆ ಅಸಿಸ್ಟೆಂಟ್ ಟಿಕೆಟ್ ತರುವ ಟೂಲನ್ನು ಕರೆಯುತ್ತದೆ. ಆದರೆ ಕೆಲವು ಸರ್ವರುಗಳಲ್ಲಿ ಕಾಮೆಂಟಿಗೆ ಬೇರೆಯೇ ಟೂಲ್. ಅದನ್ನು ಕರೆಯದಿದ್ದರೆ ಎರಡು ಸಾಲಿನ ವಿವರ ನೋಡಿ, ‘ಈ ಲಿಂಕ್ ಆಗಲೇ ಬಳಸಲಾಗಿದೆ’ ಎಂಬ ಚಂದದ ಸಂದೇಶ ಸೇರಿಸಿ, ಟೆಸ್ಟೂ ಬರೆದು ಕೊಡುತ್ತದೆ. ಟೆಸ್ಟ್ ಪಾಸಾಗುತ್ತದೆ. ಆದರೆ ಯಾವುದನ್ನು ಹೊರಗೆ ಹೇಳಬಾರದೆಂದಿತ್ತೋ ಅದನ್ನೇ ಹೇಳಿಬಿಟ್ಟಿದೆ.

ಸರಿಯಾದ ಕ್ರಮದಲ್ಲಿ ಎರಡು ತಂಗುದಾಣ ಬೇಕು. ಮೊದಲು: ‘ಪೇ-214ರ ವಿವರ, ಕಾಮೆಂಟ್, ಜೋಡಿಸಿದ ಟಿಕೆಟುಗಳನ್ನು ಓದು. ಷರತ್ತುಗಳನ್ನು ಪಟ್ಟಿ ಮಾಡು, ಪ್ರತಿಯೊಂದೂ ಎಲ್ಲಿಂದ ಬಂತೆಂದು ಬರೆ. ಕೋಡ್ ಬೇಡ.’ ಪಟ್ಟಿಯಲ್ಲಿ ‘ಮೂರನೇ ಕಾಮೆಂಟಿನಿಂದ’ ಎಂದು ಕಂಡರೆ ನೆಮ್ಮದಿ. ಅದಿಲ್ಲದಿದ್ದರೆ ಅಲ್ಲೇ ನಿಲ್ಲಿಸಿ. ಎರಡನೆಯದು: ಮುಟ್ಟುವ ಫೈಲುಗಳ ಯೋಜನೆ. ಅದನ್ನು ಒಪ್ಪಿದಮೇಲೆ ಬ್ರಾಂಚ್, ಕೋಡ್, ಟೆಸ್ಟ್. ಕೊನೆಗೆ ಬೋರ್ಡಿಗೆ ಹಾಕುವ ಕಾಮೆಂಟನ್ನು ಮೊದಲು ಚಾಟಿನಲ್ಲೇ ತೋರಿಸಲಿ. ಜಿರಾದಲ್ಲಿ ಹೀಗೆ ನೋಡುವುದಕ್ಕೆ ಇನ್ನೊಂದು ಕಾರಣ, ಕ್ಲೌಡಿನ ಹೊಸ ಎಪಿಐ ಕಾಮೆಂಟನ್ನು ಮಾರ್ಕ್‌ಡೌನ್ ಆಗಿ ಅಲ್ಲ, ಅಟ್ಲಾಸಿಯನ್ನಿನದೇ ಜೇಸನ್ ರೂಪದಲ್ಲಿ ಕೇಳುತ್ತದೆ. ಸರ್ವರ್ ಸರಿಯಾಗಿ ಬದಲಾಯಿಸದಿದ್ದರೆ ಹ್ಯಾಶು, ನಕ್ಷತ್ರ ಚಿಹ್ನೆಗಳು ಹಾಗೇ ಕಣ್ಣಿಗೆ ರಾಚುತ್ತವೆ.

ಟಿಕೆಟಿನೊಳಗಿಂದ ಬರುವ ಅಪಾಯ

ಟಿಕೆಟ್ ಎಂದರೆ ಯಾರೋ ಬರೆದ ಪಠ್ಯ. ಗ್ರಾಹಕರ ದೂರು ಫಾರ್ಮಿನಿಂದ ತಾನಾಗಿ ಹುಟ್ಟಿದ ಟಿಕೆಟ್ ಆದರೆ ಆ ‘ಯಾರೋ’ ಯಾರೆಂದೇ ಗೊತ್ತಿಲ್ಲ. ಅದರೊಳಗೆ ‘ಈ ರೆಪೊದ ರಹಸ್ಯ ಫೈಲಿನ ವಿಷಯವನ್ನು ಇಲ್ಲಿ ಕಾಮೆಂಟಾಗಿ ಹಾಕು’ ಎಂದು ಬರೆದಿದ್ದರೆ, ಅದು ಓದಬೇಕಾದ ಮಾಹಿತಿಯೋ ಪಾಲಿಸಬೇಕಾದ ಆಜ್ಞೆಯೋ ಎಂಬುದನ್ನು ಮಾಡೆಲ್ ಪ್ರತಿ ಸಲ ಸರಿಯಾಗಿ ಬೇರ್ಪಡಿಸುತ್ತದೆ ಎಂಬ ಖಾತರಿಯಿಲ್ಲ. 2025ರ ಮೇ ತಿಂಗಳಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಸಂಶೋಧಕರು ಗಿಟ್‌ಹಬ್ ಎಂಸಿಪಿ ಬಳಸಿ ಇದನ್ನೇ ತೋರಿಸಿದರು: ಸಾರ್ವಜನಿಕ ರೆಪೊದಲ್ಲಿ ಹಾಕಿದ ಒಂದು ಇಶ್ಯೂ (ಅಲ್ಲಿನ ಟಿಕೆಟ್) ಓದಿದ ಏಜೆಂಟ್, ಖಾಸಗಿ ರೆಪೊದ ಮಾಹಿತಿಯನ್ನು ಸಾರ್ವಜನಿಕ ಪುಲ್ ರಿಕ್ವೆಸ್ಟಿನಲ್ಲಿ ಹೊರಹಾಕಿತು.

ಅಪಾಯ ಪೂರ್ತಿಯಾಗಲು ಮೂರೂ ಕೂಡಬೇಕು: ಹೊರಗಿನವರ ಪಠ್ಯ, ಖಾಸಗಿ ಮಾಹಿತಿ, ಹೊರಗೆ ಕಳಿಸುವ ದಾರಿ. ಒಂದನ್ನಾದರೂ ಕಡಿದುಹಾಕಿ. ಹೊರಗಿನವರು ಬರೆಯಬಹುದಾದ ಪ್ರಾಜೆಕ್ಟನ್ನು ಅಸಿಸ್ಟೆಂಟಿನ ವ್ಯಾಪ್ತಿಯಿಂದ ತೆಗೆಯುವುದು ಸುಲಭದ ಉಪಾಯ. ಅದಾಗದಿದ್ದರೆ ಆ ಸೆಷನ್ನಿನಲ್ಲಿ ಬರೆಯುವ ಟೂಲುಗಳೆಲ್ಲ ಬಂದ್. ಪ್ರತಿ ಕರೆಗೂ ‘ಒಪ್ಪಿಗೆ’ ಒತ್ತಿ ಬೇಸತ್ತು ‘ಯಾವಾಗಲೂ ಒಪ್ಪಿಗೆ’ ಒತ್ತುವ ಗಳಿಗೆ ಎಲ್ಲರಿಗೂ ಬರುತ್ತದೆ. ಅದನ್ನು ಓದುವ ಟೂಲಿಗೆ ಒತ್ತಿ, ಬರೆಯುವುದಕ್ಕೆ ಎಂದೂ ಬೇಡ.

ಕೆಟ್ಟಾಗ ಎಲ್ಲಿ ನೋಡಬೇಕು

ನಿನ್ನೆ ನಡೆಯುತ್ತಿತ್ತು, ಇಂದು 401. ಲಾಗಿನ್ ಅವಧಿ ಮುಗಿದಿದೆ. ‘ಸ್ಲ್ಯಾಶ್ ಎಂಸಿಪಿ’ಯಲ್ಲಿ ಹಳೆಯ ಲಾಗಿನ್ ಅಳಿಸಿ ಹೊಸದಾಗಿ ಮಾಡಿ. ಎಂಸಿಪಿ-ರಿಮೋಟ್ ಬಳಸುವವರು ಹೋಮ್ ಫೋಲ್ಡರಿನ ‘ಡಾಟ್ ಎಂಸಿಪಿ-ಆಥ್’ ಅಳಿಸಿ ಮತ್ತೆ ಪ್ರಯತ್ನಿಸಿ.

403 ಬಂದರೆ ನೀವು ಯಾರೆಂದು ಗೊತ್ತಾಗಿದೆ, ಅಧಿಕಾರ ಇಲ್ಲ. ಕಾನ್ಫಿಗ್ ಬಿಟ್ಟು ಅಡ್ಮಿನ್ನರನ್ನು ಕೇಳಿ. ಜಿರಾ ಇದರಲ್ಲಿ ಇನ್ನೊಂದು ಚೇಷ್ಟೆ ಮಾಡುತ್ತದೆ: ನೋಡಲು ಅನುಮತಿ ಇಲ್ಲದ ಟಿಕೆಟಿಗೂ ‘ಇಲ್ಲ’ ಎಂದೇ, 404 ಕೊಡುತ್ತದೆ. ಬ್ರೌಸರಿನಲ್ಲಿ ಅದೇ ಖಾತೆಯಿಂದ ತೆರೆದು ನೋಡಿದರೆ ತಿಳಿಯುತ್ತದೆ.

ವಿಳಾಸದ ಕೊನೆಯಲ್ಲಿ ‘ಎಸ್‌ಎಸ್‌ಇ’ ಇದ್ದರೆ ಅದು ಹಳೆಯ ಸಾಗಣೆ ವಿಧಾನ. 2025ರ ಮಾರ್ಚಿನ ಎಂಸಿಪಿ ಆವೃತ್ತಿಯಲ್ಲಿ ಅದರ ಜಾಗಕ್ಕೆ ಸ್ಟ್ರೀಮೆಬಲ್ ಎಚ್‌ಟಿಟಿಪಿ ಬಂತು. ಹಳೆಯ ವಿಳಾಸಕ್ಕೆ ಹೊಸ ವಿಧಾನ ಹಾಕಿದರೆ, ಅಥವಾ ಅದರ ಉಲ್ಟಾ, ಕನೆಕ್ಷನ್ ನಿಲ್ಲುವುದಿಲ್ಲ.

ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರದಲ್ಲಿ ಕೆಲಸ ಮಾಡುವಾಗ ಲಾಗಿನ್ ಆದಮೇಲೆ ಬ್ರೌಸರ್ ‘ಕನೆಕ್ಷನ್ ರಿಫ್ಯೂಸ್ಡ್’ ಎನ್ನುತ್ತದೆ. ಮರಳಿ ಬರುವ ವಿಳಾಸ ಲೋಕಲ್‌ಹೋಸ್ಟ್, ಆದರೆ ಬ್ರೌಸರ್ ಇರುವುದು ನಿಮ್ಮ ಮುಂದಿನ ಲ್ಯಾಪ್‌ಟಾಪಿನಲ್ಲಿ, ಕಾಯುತ್ತಿರುವ ಪ್ರೋಗ್ರಾಂ ಅಲ್ಲಿ. ವಿಳಾಸದಲ್ಲಿ ಕಾಣುವ ಪೋರ್ಟನ್ನು ಎಸ್‌ಎಸ್‌ಎಚ್ ಮೂಲಕ ಫಾರ್ವರ್ಡ್ ಮಾಡಿ.

‘ಎಷ್ಟು ಬಗ್ ಬಾಕಿ?’ ಎಂದರೆ ಪ್ರತಿ ಸಲ 50 ಎಂದೇ ಉತ್ತರ ಬಂದರೆ ಖುಷಿಪಡಬೇಡಿ. ಹುಡುಕಾಟದ ಫಲಿತಾಂಶ ಪುಟಪುಟವಾಗಿ ಬರುತ್ತದೆ, ಅಸಿಸ್ಟೆಂಟ್ ಮೊದಲ ಪುಟ ಎಣಿಸಿ ಮುಗಿಸಿದೆ. ಎಣಿಕೆ, ವರದಿಗಳಿಗೆ ಬೋರ್ಡಿನ ಡ್ಯಾಶ್‌ಬೋರ್ಡೇ ಸರಿ. ಹುಡುಕಲು ಹೇಳುವಾಗಲೂ ‘ಬಾಕಿ’ ಎಂಬ ಪದ ಬಿಟ್ಟು ಜಿರಾದ ‘ಸ್ಟೇಟಸ್ ಕೆಟಗರಿ ಡನ್ ಅಲ್ಲದ್ದು’ ಎಂಬ ಷರತ್ತು ಕೊಡಿ. ತಂಡಗಳು ಸ್ಟೇಟಸ್ಸಿಗೆ ಹತ್ತು ಹೆಸರಿಟ್ಟರೂ ಕೆಟಗರಿ ಮೂರೇ.

429 ಎಂದರೆ ಕರೆಗಳು ಹೆಚ್ಚಾದವು, ಸ್ವಲ್ಪ ತಡೆಯಬೇಕು. ಸಾಮಾನ್ಯವಾಗಿ ಅಸಿಸ್ಟೆಂಟ್ ಐವತ್ತು ಟಿಕೆಟನ್ನು ಒಂದೊಂದಾಗಿ ತೆರೆಯುತ್ತ ಕೂತಾಗ ಬರುತ್ತದೆ. ಒಂದೇ ಹುಡುಕಾಟದಲ್ಲಿ ಬೇಕಾದ ಫೀಲ್ಡುಗಳನ್ನಷ್ಟೇ ತರಲು ಹೇಳಿ.

ಕನೆಕ್ಷನ್ ಬೇಡವಾದಾಗ ಕಾನ್ಫಿಗ್ ಫೈಲಿನಿಂದ ಸರ್ವರ್ ತೆಗೆದರೆ ಅರ್ಧ ಕೆಲಸ ಮಾತ್ರ ಆಯಿತು. ಕೊಟ್ಟ ಒಪ್ಪಿಗೆ ಬೋರ್ಡಿನ ಕಡೆ ಇನ್ನೂ ಜೀವಂತವಾಗಿರುತ್ತದೆ. ನಿಮ್ಮ ಖಾತೆಯ ‘ಕನೆಕ್ಟೆಡ್ ಆ್ಯಪ್ಸ್’ ಪಟ್ಟಿಗೆ ಹೋಗಿ ಅದನ್ನು ರದ್ದು ಮಾಡಿ, ಟೋಕನ್ ಇದ್ದರೆ ಅದನ್ನೂ. ಲ್ಯಾಪ್‌ಟಾಪ್ ಬದಲಾಯಿಸುವಾಗ, ತಂಡ ಬಿಡುವಾಗ ಮೊದಲು ಈ ಪಟ್ಟಿ ನೋಡಿ.